ಸೀಟಿ ಯಾರ ಕೈಲಿ

ಅಕ್ಟೋಬರ್ 4

ಪ್ರೀತಿಯ ಅತ್ತಿಗೆಗೆ,

ಫೋನ್ ಬಿಟ್ಟು ಕಾಗದ ಯಾಕೆ ಅಂತ ಹುಬ್ಬೇರಿಸಬೇಡಿ. ಫೋನಲ್ಲಿ ನೀವು "ಹೂಂ", "ಚೆನ್ನಾಗಿದೀನಿ", "ಇಡ್ಲಾ" ಅಂತ ಮೂರೇ ಮಾತಲ್ಲಿ ನನ್ನ ಬಾಯಿಗೆ ಬೀಗ ಹಾಕಿಬಿಡ್ತೀರಿ. ಕಾಗದಕ್ಕೆ ಹಾಗೆ ಮಾಡೋಕಾಗಲ್ಲ, ಉತ್ತರ ಬರೀಲೇಬೇಕು. ಅಣ್ಣನೂ ಪ್ರತಿ ವರ್ಷ ಆಟದ ನಿಯಮಗಳನ್ನ ಎಲ್ಲರಿಗೂ ಅಂಚೆಯಲ್ಲೇ ಕಳಿಸ್ತಿದ್ದ, ಲಕೋಟೆ ಮೇಲೆ ದೊಡ್ಡದಾಗಿ "ಅತಿ ಗೋಪ್ಯ" ಅಂತ ಬರೆದು. ಅದನ್ನೇ ಮುಂದುವರಿಸ್ತಿದೀನಿ ಅಂದ್ಕೊಳ್ಳಿ. ಅಂಗಡಿಯಲ್ಲಿ ಅಳತೆ ತೆಗೆಯೋ ಕಂದು ಹಾಳೆ ಮೇಲೆ ಬರೀತಿದೀನಿ. ಹಿಂದುಗಡೆ ಯಾವುದೋ ಮಗುವಿನ ಯೂನಿಫಾರ್ಮಿನ ಕಾಲರ್ ಇದೆ, ಅದರಲ್ಲಿ ಗುಟ್ಟೇನೂ ಇಲ್ಲ.

ವಿಷಯ ಏನಂದ್ರೆ, ಈ ಸಲ ನಾವೆಲ್ಲ ಸೇರ್ತಿದೀವಿ. ಡಿಸೆಂಬರ್ 20, ಭಾನುವಾರ, ನಮ್ಮ ಟೈಲರಿಂಗ್ ಅಂಗಡಿ ಮಹಡಿ ಮೇಲಿನ ಹಾಲಿನಲ್ಲಿ. ಹೋದ ವರ್ಷ ಅಣ್ಣ ಹೋಗಿ ಇನ್ನೂ ನಾಲ್ಕು ತಿಂಗಳೂ ಆಗಿರಲಿಲ್ಲ, ಯಾರಿಗೂ ಬಾಯೇ ಬರಲಿಲ್ಲ. ಈ ವರ್ಷ ಚಿಕ್ಕಪ್ಪ ಏನಂದ್ರು ಗೊತ್ತಾ? "ಎಲ್ಲ ಬಂದು ಊಟ ಮಾಡಿ ಹೋಗೋಣಮ್ಮ, ಆಟಗೀಟ ಅವನ ಜೊತೇನೇ ಹೋಯ್ತು." ನನಗೆ ಮೈಯೆಲ್ಲ ಉರಿದುಹೋಯ್ತು. ಆಟ ಇಲ್ಲದೆ ನಾವು ಹತ್ತಾರು ಜನ ಗೋಡೆಗೊರಗಿ ಕೂತ್ರೆ ಅದು ಸಂತಾಪ ಸಭೆ ಆಗುತ್ತೆ ಅಷ್ಟೇ. ನಾನೇ ಆಡಿಸ್ತೀನಿ ಅಂತ ಮೇಜು ಕುಟ್ಟಿ ಹೇಳಿಬಿಟ್ಟೆ. ಹೇಳಿದ ಮೇಲೆ ನೋಡಿದ್ರೆ, ನನಗೆ ಕುರ್ಚಿ ಸುತ್ತ ಓಡೋದು ಬಿಟ್ಟು ಒಂದಾಟವೂ ಬರಲ್ಲ.

ಅಣ್ಣನ ತಲೆಗೆ ಯಾವ ಹುಚ್ಚಾಟ ಹೊಳೆದ್ರೂ ಮೊದಲು ನಿಮ್ಮ ಕಿವಿಗೆ ಬೀಳ್ತಿತ್ತು. ಆದ್ದರಿಂದ ನಾಲ್ಕೈದು ಆಟ ನೀವೇ ಆರಿಸಿ ಕಳಿಸಿ. ಷರತ್ತುಗಳಿವೆ. ಚಿಕ್ಕಪ್ಪನ ಮಂಡಿ ಮಡಚಲ್ಲ. ನಮ್ಮ ಹಲ್ಲು ಡಾಕ್ಟರ್ ಭಾವ ಸೋತ್ರೆ ಮುಖ ಊದಿಸ್ಕೊಂಡು ಕಾರಲ್ಲಿ ಹೋಗಿ ಕೂರ್ತಾರೆ. ಪಕ್ಕದ ಮನೆ ಡ್ರೈವಿಂಗ್ ಮೇಷ್ಟ್ರು ಹೆಂಡತಿ ಜೊತೆ ಬರ್ತಾರೆ, ಅವರಿಗೆ ನಮ್ಮ ಮನೆ ತರಲೆ ಅರ್ಥ ಆಗೋ ಹಾಗಿರಬೇಕು. ನನ್ನ ಅವಳಿಗಳಿಗೆ ಈಗ ಹದಿಮೂರು, ಅಮ್ಮ ಉಸಿರಾಡಿದ್ರೂ ನಾಚಿಕೆ. ಬಾಯಲ್ಲಿ ನೀರು ತುಂಬಿಸ್ಕೊಂಡು ನಗದೇ ಕೂರೋ ಆಟ ಮಾತ್ರ ಬೇಡ. ಆ ಸಲ ಚಿಕ್ಕಪ್ಪ ಭಾವನ ಹೊಸ ಶರ್ಟಿಗೆ ಅಭಿಷೇಕ ಮಾಡಿದ್ದನ್ನ ಅಕ್ಕ ಇನ್ನೂ ಎತ್ತಾಡ್ತಾಳೆ.

ನಿಮ್ಮ ಅಂಪೈರ್ ಸ್ಟೂಲು ರೆಡಿ ಇದೆ. ಸೀಟು ಹರಿದಿತ್ತು, ಹೊಸ ರೆಕ್ಸಿನ್ ಹಾಕಿಸಿದೀನಿ. ಸೀಟಿ ನಿಮ್ಮ ಹತ್ರಾನೇ ಇದೆಯಲ್ಲ, ಮರೀದೇ ತನ್ನಿ.

ನಿಮ್ಮ,
ಮಾತಿನಮಲ್ಲಿ


ಅಕ್ಟೋಬರ್ 17

ಮಾತಿನಮಲ್ಲಿಗೆ,

ನಿನ್ನ ಕಂದು ಹಾಳೆ ನೋಡಿ ಅಂಗಡಿ ಮಾಲೀಕರು ಯಾರದೋ ಬಿಲ್ಲು ಅಂತ ಡ್ರಾಯರಿಗೆ ಹಾಕಿದ್ದರು. ನಿನ್ನೆ ಸಿಕ್ಕಿತು.

ಇಲ್ಲಿಯ ಸುದ್ದಿ ಅಂತ ಹೇಳೋಕೆ ಹೆಚ್ಚೇನಿಲ್ಲ. ಬೆಳಗ್ಗೆ ಶಟರ್ ಎತ್ತೋದು, ಗಾಜಿನ ಕಪಾಟು ಒರೆಸೋದು, ಫ್ರೇಮುಗಳನ್ನ ಸಾಲಾಗಿ ನಿಲ್ಲಿಸೋದು. ಬಂದವರು ಒಂದೊಂದೇ ಕನ್ನಡಕ ಹಾಕ್ಕೊಂಡು ಕನ್ನಡಿ ನೋಡ್ತಾರೆ, ಆಮೇಲೆ ನನ್ನ ಕಡೆ ತಿರುಗಿ "ಹೇಗಿದೆ?" ಅಂತಾರೆ. ದಿನವಿಡೀ ಜನರ ಮುಖಾನ ಇಷ್ಟು ಹತ್ತಿರದಿಂದ ನೋಡ್ತೀನಿ. ಸಂಜೆ ಹೊತ್ತಿಗೆ ಒಂದೂ ನೆನಪಿರಲ್ಲ. ರೂಮು ಅಂಗಡಿ ಮೇಲೇ ಇದೆ. ಕಿಟಕಿಗೆ ಎದುರಾಗಿ ಒಂದು ಲಾಂಡ್ರಿ. ಅಲ್ಲಿ ಮೆಷಿನ್ನಿನೊಳಗೆ ಬಟ್ಟೆ ತಿರುಗೋದನ್ನ ನೋಡ್ತಾ ಊಟ ಮುಗಿಯುತ್ತೆ.

ಆಟ ಕೇಳಿದ್ದೀಯ. ಇವು ನಿಮ್ಮಣ್ಣನವಲ್ಲ, ನಾನೇ ಯೋಚನೆ ಮಾಡಿದ್ದು. ಬೇಡ ಅನ್ನಿಸಿದ್ರೆ ಬಿಡು.

ಮೊದಲನೇದು, ಒಂದೇ ಕೋಟು. ದೊಡ್ಡ ಕೋಟು ಬೇಕು, ನಿನ್ನ ಅಂಗಡಿಯಲ್ಲಿ ಇಲ್ಲದೆ ಇರುತ್ತಾ? ಒಂದು ಕೋಟಿಗೆ ಇಬ್ಬರು. ಒಬ್ಬರು ಬಲಗಡೆ ತೋಳಿಗೆ ಕೈ ಹಾಕಬೇಕು, ಇನ್ನೊಬ್ಬರು ಎಡಗಡೆ ತೋಳಿಗೆ. ಒಳಗಿನ ಕೈಗಳನ್ನ ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು. ಆಮೇಲೆ ಇಬ್ಬರೂ ಸೇರಿ ಗುಂಡಿ ಹಾಕಬೇಕು, ಬಿಸ್ಕತ್ತಿನ ಪ್ಯಾಕೆಟ್ ಒಡೆಯಬೇಕು, ಒಬ್ಬರಿಗೊಬ್ಬರು ತಲೆ ಬಾಚಬೇಕು. ಎಡಗಡೆಯವರಿಗೆ ಕಷ್ಟ. ಎಡಗೈ ಓಡೋರು ಯಾರಾದರೂ ಒಬ್ಬರಿದ್ದರೆ ಆಟ ರಂಗೇರುತ್ತೆ.

ಎರಡನೇದು, ಕೈ ಗುರುತು. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ಮಿಕ್ಕವರೆಲ್ಲ ಒಬ್ಬೊಬ್ಬರಾಗಿ ಬಂದು ಕೈ ಕೊಡಬೇಕು. ಉಸಿರೆತ್ತೋ ಹಾಗಿಲ್ಲ. ಬರೀ ಮುಟ್ಟಿ, ಇದು ಯಾರ ಕೈ ಅಂತ ಹೇಳಬೇಕು. ನಗು ತಡೆಯೋದೇ ಅದರಲ್ಲಿ ಆಟ.

ಎರಡರಲ್ಲೂ ಗೆಲ್ಲೋದು ಸೋಲೋದು ಇಲ್ಲ. ಅಂಕ ಹಾಕೋರು, ತೀರ್ಪು ಕೊಡೋರು ಯಾರೂ ಬೇಕಾಗಿಲ್ಲ. ಡಾಕ್ಟ್ರು ಕಾರಲ್ಲಿ ಹೋಗಿ ಕೂರೋ ಪ್ರಮೇಯವೂ ಬರಲ್ಲ.

ಸ್ಟೂಲಿಗೆ ಸುಮ್ಮನೆ ಯಾಕೆ ಖರ್ಚು ಮಾಡಿದೆ.

ನಿನ್ನ ಅತ್ತಿಗೆ


ಅಕ್ಟೋಬರ್ 24

ಅತ್ತಿಗೆ,

ನೀವು ಇಂಥ ಕಿಲಾಡಿ ಅಂತ ನನಗೆ ಗೊತ್ತೇ ಇರಲಿಲ್ಲ. ಅಣ್ಣನ ಜೊತೆ ಇದ್ದೂ ಇದ್ದೂ ನಿಮಗೂ ಅಂಟಿಕೊಂಡಿದೆ ಬಿಡಿ.

ಒಂದೇ ಕೋಟು ಆಟಾನ ನಿನ್ನೆ ನಾನೂ ನಮ್ಮವರೂ ಪರೀಕ್ಷೆ ಮಾಡಿದ್ವಿ. ಮೂರು ವರ್ಷದಿಂದ ಯಾರೂ ತಗೊಂಡು ಹೋಗದ ಒಂದು ಆನೆಗಾತ್ರದ ಕೋಟು ನಮ್ಮಲ್ಲಿದೆ, ಅದರೊಳಗೆ ನುಗ್ಗಿದ್ವಿ. ಎಡಗಡೆ ತೋಳು ಅವರದ್ದು. ನನ್ನ ತಲೆ ಬಾಚು ಅಂದ್ರೆ ಬಾಚಣಿಗೆ ನನ್ನ ಮೂಗಿಗೆ ತೂರಿಸಿದ್ರು. ಗುಂಡಿ ಹಾಕೋ ಹೊತ್ತಿಗೆ ಇಬ್ಬರಿಗೂ ಜಗಳವೇ ಆಗಿಹೋಯ್ತು, "ನಿನ್ನ ಕೈ ಸುಮ್ಮನಿರಲಿ" ಅಂತ ಅವರು, "ನಿಮ್ಮದು ಕೈಯಾ ಸೌಟಾ" ಅಂತ ನಾನು. ಅಷ್ಟರಲ್ಲಿ ಪ್ಯಾಂಟು ತಗೊಳ್ಳೋಕೆ ಬಂದ ಗಿರಾಕಿ ಬಾಗಿಲಲ್ಲೇ ನಿಂತಿದ್ದ, ನಾಳೆ ಬರ್ತೀನಿ ಅಂತ ಹೋದವನು ಇವತ್ತೂ ಬಂದಿಲ್ಲ. ಅವಳಿಗಳು ಹೊಟ್ಟೆ ಹಿಡ್ಕೊಂಡು ನಕ್ಕರು ಅತ್ತಿಗೆ. ಹದಿಮೂರು ವರ್ಷದವರನ್ನ ನಗಿಸೋದು ಅಂದ್ರೆ ಸುಮ್ಮನೆ ಮಾತಲ್ಲ.

ಎಡಗೈ ಓಡೋರು ಬೇಕು ಅಂದಿದ್ರಿ. ನಮ್ಮ ಪೈಕಿ ಎಡಚರು ಒಬ್ಬರೂ ಇಲ್ಲವಲ್ಲ. ಇರೋದರಲ್ಲೇ ಹೊಂದಿಸ್ಕೋಬೇಕು. ಅಕ್ಕನ ಮನೆಯವರು, ಚಿಕ್ಕಪ್ಪನ ಮನೆಯವರು, ಮೇಷ್ಟ್ರು ಗಂಡ ಹೆಂಡತಿ, ನಾವು ನಾಲ್ಕು ಜನ. ಎಲ್ಲ ಸೇರಿ ಹದಿನಾಲ್ಕು. ಅಚ್ಚುಕಟ್ಟಾಗಿ ಏಳು ಜೋಡಿ ಆಗುತ್ತೆ, ಯಾರೂ ಒಂಟಿ ಉಳಿಯಲ್ಲ. ನೀವಂತೂ ಆಡೋರಲ್ಲ.

ಕೈ ಗುರುತಿನ ಆಟ ಸ್ವಲ್ಪ ಭಯ. ನಮ್ಮವರ ಕೈ ಅಂತ ಹಿಡಿದು ಅದು ಡ್ರೈವಿಂಗ್ ಮೇಷ್ಟ್ರದ್ದಾದ್ರೆ ನಾನು ಆಮೇಲೆ ಬೀದಿಯಲ್ಲಿ ತಲೆ ಎತ್ತಿಕೊಂಡು ಓಡಾಡೋದು ಬೇಡವಾ. ಆದ್ರೂ ಇಟ್ಕೊಳ್ಳೋಣ.

ಒಂದೇ ಕೊರತೆ. ಅಂಕ ಇಲ್ಲ ಅಂದುಬಿಟ್ರೆ ನಿಮಗೇನು ಕೆಲಸ? ಇಷ್ಟು ದೂರದಿಂದ ರೈಲು ಹತ್ತಿ ಬಂದು ಸುಮ್ಮನೆ ಕೂರ್ತೀರಾ? ಅದಕ್ಕೇ ನಾನೇ ನಿಯಮ ತಿದ್ದಿದೀನಿ. ಗುಂಡಿ ಹಾಕಿದ್ರೆ ಐದು ಅಂಕ, ಬಿಸ್ಕತ್ತಿಗೆ ಹತ್ತು, ನಕ್ಕರೆ ಎರಡು ಕಳೆಯೋದು. ಸೀಟಿಗೆ ಹೊಸ ದಾರ ಹೊಲಿದಿಟ್ಟಿದೀನಿ, ಕೆಂಪು ಬಣ್ಣ. ನೋಡಿ, ನಿಮ್ಮನ್ನ ಮರೆಯೋಳಾ ನಾನು.

ಮಾತಿನಮಲ್ಲಿ


ನವೆಂಬರ್ 9

ಮಾತಿನಮಲ್ಲಿಗೆ,

ಉತ್ತರ ತಡವಾಯ್ತು. ಬೇಸರ ಏನಿಲ್ಲ, ಬರೆಯೋಕೆ ಕೂತು ಎದ್ದು ಹೀಗೇ ದಿನ ಹೋಯ್ತು.

ಆ ಗಿರಾಕಿ ಮತ್ತೆ ಬಂದನಾ? ಅದನ್ನ ಓದಿ ಅಂಗಡಿಯಲ್ಲೇ ನಕ್ಕುಬಿಟ್ಟೆ. ಎದುರಿಗೆ ಕೂತಿದ್ದವರೊಬ್ಬರು ತಮ್ಮ ಮುಖ ನೋಡಿ ನಕ್ಕೆ ಅಂದ್ಕೊಂಡು ಆ ಫ್ರೇಮ್ ತೆಗೆದಿಟ್ಟು ಬೇರೆ ಕೇಳಿದರು.

ಅಂಕ ಇರಲೇಬೇಕಾ ಅಂತ ಇನ್ನೊಂದು ಸಲ ಯೋಚನೆ ಮಾಡು. ಇದ್ದರೂ ಸೀಟಿ ಊದೋಕೆ ನಾನೇ ಆಗಬೇಕು ಅಂತೇನಿಲ್ಲ. ಅವಳಿಗಳು ಸರದಿ ಮೇಲೆ ಊದಬಹುದು, ನಾಚಿಕೆ ಬಿಡೋಕೆ ಅದೊಂದು ದಾರಿ. ಆ ಸೀಟಿ ನನ್ನ ಕೈಗೆ ಹೇಗೆ ಬಂತು ಅಂತ ನಿನಗೆ ನೆನಪಿದೆಯೋ ಇಲ್ಲವೋ. ಮದುವೆಯಾದ ವರ್ಷ ನನ್ನ ಕಾಲು ಉಳುಕಿ ಪ್ಲಾಸ್ಟರ್ ಹಾಕಿದ್ದರು. ಎಲ್ಲರೂ ಮೂಟೆ ಓಟ ಓಡೋವಾಗ ನಾನೊಬ್ಬಳು ಕೂತಿರಬೇಕಲ್ಲ ಅಂತ ನಿಮ್ಮಣ್ಣ ಸೀಟಿ ತಂದು ಕೊರಳಿಗೆ ಹಾಕಿದರು, "ಈ ಒಂದು ವರ್ಷಕ್ಕೆ ಮಾತ್ರ" ಅಂತ. ಪ್ಲಾಸ್ಟರ್ ಒಂದೂವರೆ ತಿಂಗಳಿಗೆ ಬಿಚ್ಚಿದರು. ಅವತ್ತು ನೀನಿನ್ನೂ ಕಾಲೇಜಲ್ಲಿದ್ದೆ.

ಇನ್ನೊಂದು ಆಟ ಹೊಳೆದಿದೆ. ಎಲ್ಲರೂ ಒಬ್ಬರ ಹಿಂದೊಬ್ಬರು ವೃತ್ತವಾಗಿ ಕೂರೋದು. ಒಬ್ಬರು ಮುಂದಿನವರ ಬೆನ್ನ ಮೇಲೆ ಬೆರಳಲ್ಲಿ ಒಂದು ಚಿತ್ರ ಬರೀಬೇಕು. ಅವರಿಗೆ ಏನು ಅರ್ಥ ಆಯ್ತೋ ಅದನ್ನೇ ತಮ್ಮ ಮುಂದಿನವರ ಬೆನ್ನ ಮೇಲೆ. ಹೀಗೆ ಸುತ್ತು ಬಂದು ಮೊದಲಿನವರ ಬೆನ್ನಿಗೇ ತಲುಪುತ್ತೆ. ಬೆಕ್ಕು ಅಂತ ಹೊರಟಿದ್ದು ಬಸ್ಸಾಗಿ ವಾಪಸ್ ಬರುತ್ತೆ. ಬೆರಳು ನಿಧಾನವಾಗಿ ಓಡಬೇಕು, ಅವಸರ ಮಾಡೋ ಹಾಗಿಲ್ಲ. ಹದಿನೈದು ಜನ ಕೂತ್ರೆ ವೃತ್ತ ಆ ಹಾಲಿಗೆ ಸರಿಯಾಗಿರುತ್ತೆ. ವೃತ್ತದ ಹೊರಗೆ ಯಾರೂ ಇರೋದು ಬೇಡ.

ಚಳಿ ಶುರುವಾಗಿದೆ. ಲಾಂಡ್ರಿಯ ಗಾಜು ಮಂಜಾಗಿ ಈಗ ಒಳಗಿನದು ಕಾಣೋಲ್ಲ.

ಅತ್ತಿಗೆ


ನವೆಂಬರ್ 15

ಅತ್ತಿಗೆ,

ನಿಮ್ಮ ಕಾಗದ ಓದಿ ಮೆಷಿನ್ ನಿಲ್ಲಿಸಿ ಅತ್ತುಬಿಟ್ಟೆ.

ಹದಿನೈದು ಜನ ಅಂತ ಬರೆದಿದೀರಿ. ಮೊದಲು ಲೆಕ್ಕ ತಪ್ಪಿದೆ ಅಂದ್ಕೊಂಡು ಬೆರಳು ಮಡಚಿ ಎಣಿಸಿದೆ. ನಾವು ಹದಿನಾಲ್ಕೇ. ಆಮೇಲೆ ಹೊಳೀತು. ಅಣ್ಣನನ್ನೂ ಸೇರಿಸಿ ಎಣಿಸಿಬಿಟ್ಟಿದೀರಿ ಅಲ್ವಾ. ನನಗೂ ಹಾಗೇ ಆಗುತ್ತೆ ಅತ್ತಿಗೆ. ಮೊನ್ನೆ ಲೋಟ ಜೋಡಿಸುವಾಗ ಅವನದ್ದು ಅಂತ ಒಂದು ಹಿಡಿಕೆ ಮುರಿದ ಕಪ್ಪನ್ನ ಪಕ್ಕಕ್ಕಿಟ್ಟೆ. ಅವನಿಗೆ ಅದೇ ಬೇಕಿತ್ತಲ್ಲ. ನೀವು ಬಾಯಿ ಬಿಟ್ಟು ಹೇಳಲ್ಲ, ಆದ್ರೆ ನಿಮ್ಮ ಲೆಕ್ಕದಲ್ಲಿ ಅವನಿದ್ದಾನೆ ಅಂತ ಗೊತ್ತಾಯ್ತು. ನನಗೆ ಅಷ್ಟು ಸಾಕು.

ಬೆನ್ನಿನ ಆಟ ಇಟ್ಕೊಳ್ಳೋಣ. ಹದಿನಾಲ್ಕು ಜನರ ವೃತ್ತ, ನಡುವೆ ನಿಮ್ಮ ಸ್ಟೂಲು. ಕೂತಲ್ಲಿಂದಲೇ ಎಲ್ಲರ ಬೆರಳೂ ಕಾಣುತ್ತೆ, ಮೋಸ ಮಾಡಿದ್ರೆ ಸೀಟಿ. ಚಿಕ್ಕಪ್ಪ ಪಿಸುಗುಟ್ಟೋದು ಗ್ಯಾರಂಟಿ.

ಅವಳಿಗಳು ಸೀಟಿ ಊದೋ ಮಾತೇ ಇಲ್ಲ. ಅವರು ಆಡೋ ವಯಸ್ಸಿನವರು. ಅಲ್ಲದೆ ನೀವು ಊದಿದ್ರೆ ಭಾವನೂ ಎದುರು ಮಾತಾಡಲ್ಲ. ಅಣ್ಣ ಇದ್ದಾಗ ಹೇಳ್ತಿದ್ದನಲ್ಲ, "ನನ್ನ ಹೆಂಡತಿಯಂಥ ಅಂಪೈರ್ ದೇಶದಲ್ಲೇ ಇಲ್ಲ" ಅಂತ.

ಮಾತಿನಮಲ್ಲಿ


ಡಿಸೆಂಬರ್ 6

ಮಾತಿನಮಲ್ಲಿಗೆ,

ಈ ಸಲ ಬರೋಕಾಗಲ್ಲ. ವರ್ಷದ ಕೊನೆ, ಅಂಗಡಿಯಲ್ಲಿ ದಾಸ್ತಾನು ಎಣಿಸಬೇಕು, ರಜ ಸಿಗಲ್ಲ. ಎಲ್ಲರಿಗೂ ಹೇಳು.

ಜೊತೆಗೆ ಒಂದು ಪಾರ್ಸೆಲ್ ಕಳಿಸಿದೀನಿ. ಅದರಲ್ಲಿ ಸೀಟಿ ಇದೆ. ಒಂದು ಚೀಲದಲ್ಲಿ ಕನ್ನಡಕದ ಫ್ರೇಮುಗಳಿವೆ. ಕಪಾಟಿನಲ್ಲಿಟ್ಟು ಹಳತಾದವು, ಗಾಜಿಲ್ಲ, ಮಾಲೀಕರು ಸುಮ್ಮನೆ ಕೊಟ್ಟರು. ನಮ್ಮವರು ಹಾಕ್ಕೊಳ್ಳೋದನ್ನೇ ಹೋಲುವಂಥವು ಹುಡುಕಿ ಹಾಕಿದೀನಿ. ಚಿಕ್ಕಪ್ಪನದು ದಪ್ಪ ಕಪ್ಪು. ಡಾಕ್ಟ್ರದ್ದು ಅಂಚಿಲ್ಲದ್ದು. ಕನ್ನಡಕ ಇಲ್ಲದವರಿಗೆ ಅವರ ಮುಖಕ್ಕೆ ಯಾವುದು ಒಪ್ಪುತ್ತೋ ಅದು. ನಿನ್ನದು ಕೆಂಪು, ಬೆಕ್ಕಿನ ಕಣ್ಣಿನ ಆಕಾರದ್ದು. ಬೈಬೇಡ.

ಆಟ ಇಷ್ಟೇ. ಚೀಲಕ್ಕೆ ಕೈ ಹಾಕಿ ನೋಡದೇ ಒಂದು ಫ್ರೇಮ್ ತೆಗೀಬೇಕು. ಹಾಕ್ಕೊಂಡ ಕೂಡಲೇ ಆ ಮನುಷ್ಯ ಆಗಿಬಿಡಬೇಕು. ಅವರ ನಡಿಗೆ, ಅವರ ಮಾತು, ಅವರು ಬೈಯೋ ರೀತಿ. ಮಿಕ್ಕವರು ಯಾರು ಅಂತ ಹೇಳಬೇಕು. ಯಾರನ್ನೂ ಬಿಡಬೇಡಿ, ಎಲ್ಲ ಫ್ರೇಮೂ ಆಡಿಸಿ.

ಅತ್ತಿಗೆ


ಡಿಸೆಂಬರ್ 11

ಅತ್ತಿಗೆ,

ಇದೇನು ಹೀಗೆ ಕೈ ಕೊಟ್ರಿ. ಪಾರ್ಸೆಲ್ ಬಿಚ್ಚಿದ ಕೂಡಲೇ ಸೀಟಿ ಕಂಡಿತು. ನಾನು ಏನಾದ್ರೂ ಹೆಚ್ಚುಕಮ್ಮಿ ಬರೆದುಬಿಟ್ಟೆನಾ? ಅಣ್ಣನ ಸುದ್ದಿ ಎತ್ತಬಾರದಿತ್ತಾ? ಅವನಿಲ್ಲದ ಹಾಲಿಗೆ ಕಾಲಿಡೋಕೆ ನಿಮಗೆ ಕಷ್ಟ ಅಂತ ಅಕ್ಕ ಹೇಳ್ತಾಳೆ. ಹಾಗಾದ್ರೆ ಒತ್ತಾಯ ಮಾಡಬಾರದು ಅಂತಾಳೆ. ನನಗೆ ಒತ್ತಾಯ ಮಾಡದೆ ಗೊತ್ತಿಲ್ಲ. ಒಂದು ದಿನ ಬಂದು ಹೋಗಿ. ಬೆಳಗ್ಗೆ ಇಳಿದು ಸಂಜೆ ರೈಲು ಹತ್ತಿ.

ಫ್ರೇಮುಗಳನ್ನ ನೋಡಿ ಅವಳಿಗಳು ಕುಣಿದಾಡಿದ್ರು. ಯಾವುದು ಯಾರದು ಅಂತ ಹೇಳೋದೇ ಬೇಕಾಗಲಿಲ್ಲ. ಬೆಕ್ಕಿನ ಕಣ್ಣಿಗೆ ನಿಮ್ಮನ್ನ ಆಮೇಲೆ ವಿಚಾರಿಸ್ಕೋತೀನಿ. ಒಂದು ಮಾತ್ರ ಹೆಚ್ಚಿಗೆ ಬಂದಿದೆ, ದುಂಡಗಿನ ಕಂದು ಬಣ್ಣದ್ದು, ಒಂದು ಕಡ್ಡಿ ಸ್ವಲ್ಪ ಸೊಟ್ಟ. ನಮ್ಮಲ್ಲಿ ಯಾರದ್ದೂ ಅಲ್ಲ. ಅವಸರದಲ್ಲಿ ಅಂಗಡಿಯದು ಸೇರಿಕೊಂಡಿರಬೇಕು. ಮೇಜಿನ ಡ್ರಾಯರಲ್ಲಿ ಇಟ್ಟಿದೀನಿ, ದಾಸ್ತಾನು ಲೆಕ್ಕಕ್ಕೆ ಬೇಕಿದ್ರೆ ಹೇಳಿ, ವಾಪಸ್ ಕಳಿಸ್ತೀನಿ.

ಉತ್ತರ ಬರೀರಿ. ಬರೆಯದಿದ್ರೂ ಪರವಾಗಿಲ್ಲ, ಸೀದಾ ಬಂದುಬಿಡಿ.

ಮಾತಿನಮಲ್ಲಿ


ಡಿಸೆಂಬರ್ 21

ಅತ್ತಿಗೆ,

ನಿಮ್ಮ ಉತ್ತರ ಬರಲಿಲ್ಲ. ನಿನ್ನೆ ಬೆಳಗಿನ ರೈಲಿಗೆ ನಮ್ಮವರು ಸ್ಟೇಷನ್ನಿಗೆ ಹೋಗಿ ಕಾದು ಬಂದ್ರು, ನಾನೇ ಕಳಿಸಿದ್ದೆ.

ಎಲ್ಲರೂ ಬಂದಿದ್ರು. ಹಾಲು ತುಂಬಿತ್ತು. ಆದ್ರೆ ಸೀಟಿ ಯಾರ ಕೈಲಿ ಅಂತ ಕೇಳಿದಾಗ ಒಬ್ಬರೂ ಮುಂದೆ ಬರಲಿಲ್ಲ. "ನನಗೆ ಆಡಬೇಕು" ಅಂತ ಅಕ್ಕ. "ನಾನು ಯಾಕೆ ಕೂರಲಿ" ಅಂತ ಮಂಡಿ ಮಡಚದ ಚಿಕ್ಕಪ್ಪನೂ. ಕೊನೆಗೆ ಮನೆಯವಳು ಅಂತ ನಾನೇ ಕೊರಳಿಗೆ ಹಾಕ್ಕೊಂಡು ಸ್ಟೂಲ್ ಹತ್ತಿದೆ. ಒಂದು ದಿನ ತಾನೇ ಅಂದ್ಕೊಂಡೆ.

ನಾನು ಕೂತಿದ್ದರಿಂದ ಜೋಡಿ ಮುರೀತು. ಒಂದೇ ಕೋಟು ಆಟದಲ್ಲಿ ನಮ್ಮವರಿಗೆ ಯಾರೂ ಸಿಗಲಿಲ್ಲ. ಒಬ್ಬರೇ ಬಲಗಡೆ ತೋಳಿಗೆ ಕೈ ಹಾಕ್ಕೊಂಡು ನಿಂತಿದ್ರು, ಎಡಗಡೇದು ಖಾಲಿ ನೇತಾಡ್ತಿತ್ತು. ಮಿಕ್ಕವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡಿ ನಕ್ಕರು. ಭಾವ ಚಿಕ್ಕಪ್ಪನ ತಲೆ ಬಾಚೋಕೆ ಹೋಗಿ ಕೂದಲೇ ಇಲ್ಲವಲ್ಲ ಅಂತ ಅವರ ಹುಬ್ಬು ಬಾಚಿದ್ರು. ಅಷ್ಟು ಚೆನ್ನಾಗಿತ್ತು. ನಾನೂ ನಕ್ಕೆ, ಆದ್ರೆ ಸ್ಟೂಲ್ ಮೇಲೆ ಕೂತು ನಗೋದು ಬೇರೆ ಥರ ಅತ್ತಿಗೆ. ನಕ್ಕು ಯಾರ ಹೆಗಲ ಮೇಲೂ ಬೀಳೋಕಾಗಲ್ಲ. ಅವರು ನಕ್ಕು ಸುಸ್ತಾದ ಮೇಲೆ ನನ್ನ ಕಡೆ ತಿರುಗಿ "ನಮಗೆಷ್ಟು ಅಂಕ?" ಅಂತ ಕೇಳ್ತಾರೆ, ಹೇಳಿದ್ರೆ ಜಗಳ ಆಡ್ತಾರೆ, ಆಮೇಲೆ ಮತ್ತೆ ತಿರುಗಿಬಿಡ್ತಾರೆ. ಬೆನ್ನಿನ ಆಟದಲ್ಲಿ ಎಲ್ಲರೂ ಸುತ್ತ ಕೂತಿದ್ರು, ಎಲ್ಲರ ಬೆನ್ನ ಮೇಲೂ ಒಂದು ಬೆರಳಿತ್ತು. ನಾನು ನಡುವೆ ಕೂತು ಸುಮ್ಮನೆ ನೋಡ್ತಿದ್ದೆ. ಅರ್ಧ ಗಂಟೆ ಆಗಿರಬಹುದು ಅಷ್ಟೇ, ಎದ್ದು ಓಡಿಹೋಗೋಣ ಅನ್ನಿಸ್ತು. ನೀವು ಇಪ್ಪತ್ತೆರಡು ವರ್ಷ ಕೂತಿದ್ರಿ.

ಇನ್ನೂ ಇದೆ. ಕನ್ನಡಕದ ಆಟ ಎಲ್ಲಕ್ಕಿಂತ ಜೋರಾಗಿ ನಡೀತು. ಮೇಷ್ಟ್ರು ಕೆಂಪು ಬೆಕ್ಕಿನ ಕಣ್ಣು ಹಾಕ್ಕೊಂಡು ಟೇಪ್ ಕೊರಳಿಗೆ ಸುತ್ತಿಕೊಂಡು "ನಾಳೆ ಬನ್ನಿ, ಖಂಡಿತ ಕೊಡ್ತೀನಿ" ಅಂದ ಕೂಡಲೇ ಎಲ್ಲರೂ ನನ್ನ ಹೆಸರು ಕೂಗಿದ್ರು. ಚೀಲ ಖಾಲಿಯಾಯ್ತು. ಅವಳಿಗಳಲ್ಲಿ ಸಣ್ಣವಳಿಗೆ ಇನ್ನೂ ಆಸೆ ತೀರಿರಲಿಲ್ಲ, ಡ್ರಾಯರಿಂದ ಆ ಕಂದು ಬಣ್ಣದ್ದು ತೆಗೆದಳು. "ಇದು ಅತ್ತೇದಲ್ವಾ?" ಅಂದಳು. "ಸೊಟ್ಟ ಕಡ್ಡಿ. ಯಾವಾಗಲೂ ಮೂಗಿನ ತುದಿಗೆ ಜಾರ್ತಿರುತ್ತೆ." ಹಾಕ್ಕೊಂಡು ಸೀದಾ ನನ್ನ ಹತ್ರ ಬಂದು, ನನ್ನ ಕೊರಳಿಂದ ಸೀಟಿ ಎಳಕೊಂಡು ಒಂದು ಸಲ ಉದ್ದಕ್ಕೆ ಊದಿ, ಕೈ ಮೇಲೆತ್ತಿ "ಫೌಲ್" ಅಂದಳು. ಎಲ್ಲರೂ "ಅತ್ತಿಗೆ, ಅತ್ತಿಗೆ" ಅಂತ ಚಪ್ಪಾಳೆ ಹೊಡೆದ್ರು.

"ಮುಂದೆ?" ಅಂದ್ರು ಚಿಕ್ಕಪ್ಪ. ಸಣ್ಣವಳು ನಿಂತೇ ಇದ್ದಳು. ಏನಾದ್ರೂ ಹೇಳಿಕೊಡಲಿ ಅಂತ ನನ್ನ ಮುಖ ನೋಡಿದಳು. ನೀವು ಯಾವ ಮಾತಿಗೆ ನಗ್ತೀರಿ, ಸಿಟ್ಟು ಬಂದ್ರೆ ಏನಂತೀರಿ, ನಡೆಯೋವಾಗ ಕೈ ಹೇಗಿರುತ್ತೆ, ಒಂದಾದ್ರೂ ನೆನಪಾಗಬೇಕಲ್ಲ. ಅಕ್ಕನಿಗೂ ನೆನಪಾಗಲಿಲ್ಲ. ಆಮೇಲೆ ಭಾವ "ಅವರದ್ದು ಅಷ್ಟೇ ಬಿಡಿ" ಅಂದ್ರು, ಕೇಕ್ ಬಂತು, ಗಲಾಟೆ ಶುರುವಾಯ್ತು.

ಹದಿನೈದು ಅಂತ ನೀವು ಬರೆದಿದ್ದು ಅಣ್ಣನನ್ನ ಸೇರಿಸಿ ಅಲ್ಲ. ನಾನು ಎಂಥ ಮಂಕು.

ಜನವರಿ 10, ಭಾನುವಾರ, ನಾವು ನಾಲ್ಕು ಜನ ನಿಮ್ಮಲ್ಲಿಗೆ ಬರ್ತಿದೀವಿ. ಟಿಕೆಟ್ ಆಗಿದೆ, ಬೇಡ ಅಂತ ಬರೆದು ಅಂಚೆ ದುಡ್ಡು ಹಾಳು ಮಾಡಬೇಡಿ. ನಾಲ್ಕು ಮತ್ತೆ ನೀವು, ಐದು. ಜೋಡಿ ಮಾಡಿದ್ರೆ ಒಬ್ಬರು ಹೊರಗೆ ಕೂರಬೇಕು. ನಾನು ಕೂರ್ತೀನಿ. ಸಣ್ಣವಳು ಬಿಡದೆ ತಲೆ ತಿಂತಿದ್ದಾಳೆ, ಅತ್ತೆ ಥರ ಮಾಡಬೇಕು ಅಂದ್ರೆ ಸೀಟಿ ಊದೋದು ಬಿಟ್ಟು ಇನ್ನೇನು ಮಾಡಬೇಕು ಅಂತ. ನಂಗೊತ್ತಿಲ್ಲ ಅಂದೆ. ನೀವೇ ಹೇಳಿ.

ನಿಮ್ಮ ಮಾತಿನಮಲ್ಲಿ


ಡಿಸೆಂಬರ್ 30

ಮಾತಿನಮಲ್ಲಿಗೆ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯ್ತು. ಮೊದಲ ದಿನ ಅರ್ಧ ಓದಿ ಮಡಚಿಟ್ಟೆ.

ದಾಸ್ತಾನು ಎಣಿಸೋದು ಎರಡು ದಿನದ ಕೆಲಸ, ಹದಿನೈದನೇ ತಾರೀಕಿಗೇ ಮುಗಿದಿತ್ತು. ಇಪ್ಪತ್ತಕ್ಕೆ ಅಂಗಡಿಗೆ ಬೀಗ. ನಾನು ರೂಮಲ್ಲೇ ಇದ್ದೆ. ಬೆಳಗ್ಗೆ ಎದ್ದು ಸೀರೆ ಉಟ್ಟು ತಯಾರಾಗಿ ಕೂತಿದ್ದೆ, ಎಲ್ಲಿಗೆ ಅಂತ ನನಗೂ ಗೊತ್ತಿಲ್ಲ. ಈಗ ಕೋಟು ನಡೀತಿರಬೇಕು, ಈಗ ಕನ್ನಡಕ ನಡೀತಿರಬೇಕು ಅಂತ ಹೊತ್ತು ನೋಡ್ತಿದ್ದೆ. ಕಂದು ಫ್ರೇಮನ್ನ ಯಾರಾದರೂ ತೆಗೀತಾರಾ, ತೆಗೆದರೆ ಏನು ಮಾಡಿ ತೋರಿಸ್ತಾರೆ ಅಂತ. ನನ್ನ ಹಳೇ ಕನ್ನಡಕಾನೇ ಅದು, ಗಾಜು ತೆಗೆದು ಹಾಕಿದ್ದೆ. ಅದು ನನ್ನದು ಅಂತ ಬರೆಯೋಕೆ ಆಗಲಿಲ್ಲ. ಹೇಳಿ ಗುರುತು ಹಿಡಿಸೋದು ಏನು ಚೆನ್ನ.

ನಿಮ್ಮಣ್ಣನ ಮೇಲೆ ಬೇಸರ ಮಾಡ್ಕೋಬೇಡ. ಕೊನೇ ವರ್ಷ ಒಂದು ಸಲ ಕೇಳಿದೆ, ಈ ಸಲ ನಾನೂ ಆಡ್ಲಾ ಅಂತ. ಅವರು ನಕ್ಕು, ನಿನ್ನಂಥ ಅಂಪೈರ್ ಎಲ್ಲಿ ಸಿಗ್ತಾರೆ ಕಣೇ, ಅಂದರು. ನನ್ನನ್ನ ಹೊಗಳಿದ್ದೇ ಅಂತ ಅವರಿಗೆ ಕೊನೇವರೆಗೂ ನಂಬಿಕೆ. ನನಗೂ ಮೊದಮೊದಲು ಹಾಗೇ ಅನ್ನಿಸಿತ್ತು. ಅವರಿಲ್ಲದೆ ಇರೋಕೆ ಕಲೀತಿದೀನಿ. ಆದರೆ ಒಂಟಿ ಅನ್ನೋದು ನನಗೆ ಅವರು ಹೋದ ಮೇಲೆ ಬಂದಿದ್ದಲ್ಲ. ಇದನ್ನ ಯಾರಿಗೂ ಹೇಳಿರಲಿಲ್ಲ, ನಿನಗೆ ಹೇಳಬೇಕು ಅಂತ ಅನ್ನಿಸಿತು.

ಈಗ ಸಣ್ಣವಳಿಗೆ ಹೇಳು. ಅತ್ತೆ ಮೆಟ್ಟಿಲು ಇಳಿಯೋವಾಗ ಒಂದು ಕೈಯಲ್ಲಿ ಗೋಡೆ ಸವರ್ತಾ ಇಳೀತಾಳೆ. ಯಾರಾದರೂ ಕಷ್ಟ ಸುಖ ಕೇಳಿದರೆ ಮೊದಲು ಕನ್ನಡಕ ತೆಗೆದು ಒರೆಸ್ತಾಳೆ, ಒರೆಸೋ ಅಷ್ಟರಲ್ಲಿ ಅವರು ಕೇಳಿದ್ದನ್ನ ಮರೆತುಬಿಡಲಿ ಅಂತ. ಒಂದು ಹಾಡಿನ ಎರಡನೇ ಸಾಲು ಮಾತ್ರ ಗುನುಗ್ತಾಳೆ, ಮೊದಲನೇದು ಬರೋಲ್ಲ. ಸಿಟ್ಟು ಬಂದರೆ "ಆಗಲಿ, ಆಗಲಿ" ಅಂತ ಎರಡು ಸಲ ಅಂತಾಳೆ, ಒಂದು ಸಲ ಅಂದರೆ ಸಿಟ್ಟಿಲ್ಲ ಅಂತ ಅರ್ಥ. ಗಿರಾಕಿ ಮುಖಕ್ಕೆ ಫ್ರೇಮ್ ಒಪ್ಪದಿದ್ದರೂ "ಲಕ್ಷಣವಾಗಿದೆ" ಅಂತ ಹಸಿ ಸುಳ್ಳು ಹೇಳ್ತಾಳೆ. ಜೋರಾಗಿ ನಕ್ಕರೆ ಅವಳಿಗೆ ಬಿಕ್ಕಳಿಕೆ ಬರುತ್ತೆ, ಅದು ನಿಮಗ್ಯಾರಿಗೂ ಗೊತ್ತಿಲ್ಲ. ಸದ್ಯಕ್ಕೆ ಇಷ್ಟು ಸಾಕು, ಒಂದು ಸರದಿ ಆಡಬಹುದು.

ಹತ್ತನೇ ತಾರೀಕು ಬನ್ನಿ. ರೂಮು ಚಿಕ್ಕದು, ಐದು ಜನ ಕೂತ್ರೆ ಕಾಲು ಚಾಚೋಕಾಗಲ್ಲ. ಸೀಟಿ ಅಲ್ಲೇ ಇರಲಿ. ಆ ಆನೆಗಾತ್ರದ ಕೋಟು ಮಾತ್ರ ತಾ. ನೀನು ಹೊರಗೆ ಕೂರೋದೂ ಬೇಡ, ಒಂದೊಂದು ಸಲ ಒಬ್ಬೊಬ್ಬರು ಬಿಟ್ಟುಕೊಟ್ಟರಾಯ್ತು.

ನಮ್ಮ ಪೈಕಿ ಎಡಚರು ಒಬ್ಬರೂ ಇಲ್ಲ ಅಂತ ನೀನು ಬರೆದಿದ್ದೆ. ಶಾಲೆಯಲ್ಲಿ ನನ್ನ ಬೆರಳ ಗಂಟಿಗೆ ಹೊಡೆದು ಬಲಗೈಯಲ್ಲಿ ಬರೆಯೋದು ಕಲಿಸಿದರು. ನೀವು ನೋಡಿದ್ದು ನಾನು ಅಂಕ ಬರೆಯೋದನ್ನ ಮಾತ್ರ. ಮಿಕ್ಕಿದ್ದೆಲ್ಲ ನಾನು ಎಡಗೈಯಲ್ಲೇ ಮಾಡೋದು. ಕನ್ನಡಕದ ಸಣ್ಣ ತಿರುಪು ಕೂಡ.

ಮೊದಲ ಸರದಿಗೆ ಬಲಗಡೆ ತೋಳಿಗೆ ನೀನು ಬಾ. ಎಡಗಡೇದು ನಂದು.

ಅತ್ತಿಗೆ